ಮನೆ ಬಿಡಲು ಕಾರಣ

ಬಾಡಿಗೆ ಮನೆಯ ಅರ್ಜಿಯಲ್ಲಿ ಹೆಸರು, ಉದ್ಯೋಗ, ಸಂಬಳ, ಈಗಿರುವ ವಿಳಾಸ ಎಲ್ಲ ಮುಗಿದ ಮೇಲೆ ಒಂದು ಸಾಲು ಬರುತ್ತದೆ: ‘ಈಗಿನ ಮನೆ ಬಿಡಲು ಕಾರಣ’. ಎದುರಿಗೆ ಮೂರು ಬೆರಳಗಲ ಖಾಲಿ ಜಾಗ. ಆ ಜಾಗದಲ್ಲಿ ಇದುವರೆಗೆ ಯಾರಾದರೂ ನಿಜ ಬರೆದದ್ದುಂಟೇ? ಮೇಲಿನ ಮನೆಯವರು ನಡುರಾತ್ರಿ ಮಂಚ ಎಳೆಯುತ್ತಾರೆ, ಎಲ್ಲಿಂದ ಎಲ್ಲಿಗೆ ಎಳೆಯುತ್ತಾರೆ, ಎಳೆದದ್ದನ್ನು ಮರುದಿನ ಯಾಕೆ ಮತ್ತೆ ಎಳೆಯುತ್ತಾರೆ ಎಂಬುದೆಲ್ಲ ಅಷ್ಟರಲ್ಲಿ ಹಿಡಿಸುವುದಿಲ್ಲ. ಹಿಡಿಸಿದರೂ ಓದಿದವರು, ‘ಓಹೋ, ತಕರಾರಿನ ಗಿರಾಕಿ’ ಎಂದು ಅರ್ಜಿಯನ್ನು ಕಟ್ಟಿನ ಕೆಳಗೆ ತಳ್ಳುತ್ತಾರೆ. ಆದ್ದರಿಂದ ಎಲ್ಲರೂ ‘ವೈಯಕ್ತಿಕ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ನಾನೂ ಹಾಗೇ ಬರೆದೆ. ಬರೆದು ಪೆನ್ನಿನ ಮುಚ್ಚಳ ಹಾಕುವಾಗ ಕೋಪ ಬಂತು. ಈ ಪ್ರಶ್ನೆ ಕೇಳಬೇಕಾದವನು ನಾನಲ್ಲವೇ? ನಾನು ಹೋಗುತ್ತಿರುವ ಮನೆಯನ್ನೂ ಯಾರೋ ಬಿಟ್ಟಿದ್ದಾರೆ. ಅವರ ಕಾರಣವೇನು?

ಬ್ರೋಕರನ್ನು ಕೇಳಿದೆ. “ಅವರಿಗೆ ಟ್ರಾನ್ಸ್‌ಫರ್ ಆಯ್ತು ಸಾರ್” ಎಂದ. ಅವನ ತಪ್ಪೇನೂ ಇಲ್ಲ. ಬ್ರೋಕರುಗಳ ಲೋಕದಲ್ಲಿ ಜನ ಮನೆ ಬಿಡುವುದು ಎರಡೇ ಕಾರಣಕ್ಕೆ, ಒಂದು ವರ್ಗಾವಣೆ, ಇನ್ನೊಂದು ಸ್ವಂತ ಮನೆ. ಎರಡನೆಯದನ್ನು ಹೇಳುವಾಗಲಂತೂ ದನಿಯೇ ಬದಲಾಗುತ್ತದೆ: “ಈ ಮನೆಗೆ ಬಂದವರೆಲ್ಲ ಸ್ವಂತ ಮನೆ ಮಾಡ್ಕೊಂಡೇ ಹೋಗಿರೋದು.” ಬಚ್ಚಲ ನೀರು ಹೊರಗೆ ಹೋಗದ್ದಕ್ಕೆ ತಾವೇ ಹೊರಗೆ ಹೋದವರು ಆ ಲೋಕದಲ್ಲಿ ಒಬ್ಬರೂ ಇಲ್ಲ.

ನನ್ನ ಬಗ್ಗೆ ಮಾತ್ರ ಎಲ್ಲ ಬೇಕು. ಗುರುತಿನ ಚೀಟಿ, ಸಂಬಳದ ಚೀಟಿ, ಬ್ಯಾಂಕಿನ ಲೆಕ್ಕ, ಕಚೇರಿಯಿಂದ ಒಂದು ಪತ್ರ, ನಾನು ಸಭ್ಯನೆಂದು ಹೇಳಬಲ್ಲ ಇಬ್ಬರು, ಹಳೆಯ ಮಾಲೀಕರ ಫೋನ್ ನಂಬರು. ಜರ್ಮನಿಯಲ್ಲಿ ಮನೆ ಹುಡುಕುವವರು ಇವನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿಕೊಂಡೇ ಮನೆ ನೋಡಲು ಹೋಗುತ್ತಾರೆ, ಜೊತೆಗೆ ‘ಇವರು ಬಾಡಿಗೆ ಬಾಕಿ ಉಳಿಸಿಲ್ಲ’ ಎಂದು ಹಿಂದಿನ ಮಾಲೀಕರು ಬರೆದುಕೊಟ್ಟ ಚೀಟಿಯನ್ನೂ ಇಡುತ್ತಾರೆ. ಒಳ್ಳೆಯದೇ. ಕಾಗದಗಳನ್ನು ಮೊದಲೇ ಜೋಡಿಸಿಟ್ಟುಕೊಂಡವನಿಗೆ ಮನೆ ಬೇಗ ಸಿಗುತ್ತದೆ. ಇಲ್ಲದವನು ಜೆರಾಕ್ಸ್ ಮಾಡಿಸಿ ಬರುವಷ್ಟರಲ್ಲಿ ಬೇರೆಯವರ ಸಾಮಾನು ಇಳಿದಿರುತ್ತದೆ. ಆದರೆ ಮನೆ ಸಭ್ಯವೆಂದು ಹೇಳಬಲ್ಲ ಇಬ್ಬರು ಎಲ್ಲಿ? ಈ ಮನೆಯ ನಡತೆಯ ಬಗ್ಗೆ ಪತ್ರ ಬರೆದುಕೊಡುವವರು ಯಾರು? ಬರೆದುಕೊಡಬಲ್ಲವನು ಹಿಂದಿನ ಬಾಡಿಗೆದಾರ ಒಬ್ಬನೇ. ಅವನ ನಂಬರು ಮಾತ್ರ ಯಾರ ಹತ್ತಿರವೂ ಇರುವುದಿಲ್ಲ. ಅವನು ಮನೆ ಬಿಟ್ಟದ್ದು ಯಾಕೆಂದು ಖಚಿತವಾಗಿ ತಿಳಿಯಲು ಒಂದು ಉಪಾಯವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಬಾಡಿಗೆದಾರರು ಬಿಟ್ಟುಹೋದ ಕಾರಣವನ್ನು ಒಬ್ಬ ಮಾಲೀಕ ತನ್ನ ಕೈಯಾರೆ ಬರೆದಿಟ್ಟ ಸಂಗತಿ ನನಗೆ ಗೊತ್ತಿರುವುದು ಒಂದೇ. ಅದು ಸ್ವಲ್ಪ ಹಳೆಯದು. ಕ್ರಿಸ್ತಪೂರ್ವ 44ರ ಏಪ್ರಿಲ್ ತಿಂಗಳು. ಸೀಸರನ ಕೊಲೆಯಾಗಿ ತಿಂಗಳು ಕಳೆದಿತ್ತಷ್ಟೆ, ರೋಮಿಗೆ ರೋಮೇ ಯಾವ ಕಡೆ ವಾಲುತ್ತದೋ ತಿಳಿಯದ ಹೊತ್ತು. ವಾಗ್ಮಿ, ತತ್ತ್ವಜ್ಞಾನಿ, ಹಿಂದೊಮ್ಮೆ ರೋಮಿನ ಅತ್ಯುನ್ನತ ಅಧಿಕಾರಿಯಾದ ಕಾನ್ಸಲ್ ಆಗಿದ್ದ ಸಿಸೆರೊ ತನ್ನ ಗೆಳೆಯ ಅಟಿಕಸ್‌ಗೆ ಕಾಗದ ಬರೆಯುತ್ತಾನೆ. ರಾಜಕೀಯದ ನಡುವೆ ಒಂದು ಮನೆವಾರ್ತೆ: ಬಾಡಿಗೆಗೆ ಕೊಟ್ಟಿದ್ದ ಅಂಗಡಿಗಳಲ್ಲಿ ಎರಡು ಕುಸಿದುಬಿದ್ದಿವೆ, ಉಳಿದವು ಬಿರುಕು ಬಿಟ್ಟಿವೆ, ಬಾಡಿಗೆದಾರರಷ್ಟೇ ಅಲ್ಲ, ಇಲಿಗಳೂ ಬಿಟ್ಟುಹೋಗಿವೆ.

ಇಲಿಗಳೂ! ಇಷ್ಟು ಪ್ರಾಮಾಣಿಕವಾದ ‘ಮನೆ ಬಿಡಲು ಕಾರಣ’ವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲಿಗೆ ಮುಂಗಡ ವಾಪಸು ಬರಬೇಕಾದ್ದಿಲ್ಲ, ಹಾಗಾಗಿ ಅದು ಸರಿಯಾದ ಹೊತ್ತಿಗೆ ಹೊರಡುತ್ತದೆ. ಬಾಡಿಗೆದಾರ ಬಿರುಕು ನೋಡಿಕೊಂಡು, ನೋಟಿಸಿನ ಅವಧಿ ಲೆಕ್ಕ ಹಾಕಿಕೊಂಡು, ಇನ್ನೊಂದು ತಿಂಗಳು ನಿಲ್ಲುತ್ತದೆಯೇನೋ ಎಂದು ಗೋಡೆಗೆ ಕಿವಿಗೊಟ್ಟು ಕೂತಿರುತ್ತಾನೆ.

ಸಿಸೆರೊಗೆ ಇದರಿಂದ ಬೇಜಾರಾಯಿತೇ? ಇಲ್ಲ. ಬೇರೆಯವರು ಇದನ್ನು ಅನಾಹುತ ಎನ್ನುತ್ತಾರೆ, ನನಗಿದು ಕಿರಿಕಿರಿಯೂ ಅಲ್ಲ ಎಂದು ಬರೆದು, ಇಂಥ ಸಮಚಿತ್ತ ಕೊಟ್ಟಿದ್ದಕ್ಕೆ ಸಾಕ್ರಟೀಸನಿಗೂ ಅವನ ಪರಂಪರೆಯವರಿಗೂ ನಮಸ್ಕಾರ ಹೇಳುತ್ತಾನೆ. ಬಿರುಕಿನ ಕೆಳಗೆ ಮಲಗುವವರು ಬೇರೆಯವರಾದರೆ ಸಮಚಿತ್ತ ಎಷ್ಟು ಸಲೀಸು ನೋಡಿ. ಅಲ್ಲಿಗೂ ನಿಲ್ಲಲಿಲ್ಲ. ಹೊಸದಾಗಿ ಕಟ್ಟಿಸಿದರೆ ಈ ನಷ್ಟದಿಂದಲೇ ಲಾಭ ಬರುವಂಥ ಒಂದು ಯೋಜನೆ ಸಿದ್ಧವಾಗಿದೆ ಎಂದೂ ಸೇರಿಸುತ್ತಾನೆ. ಇಲ್ಲಿ ತತ್ತ್ವಜ್ಞಾನಿ ಪಕ್ಕಕ್ಕೆ ಸರಿದು ಮಾಲೀಕ ಎದ್ದು ನಿಂತದ್ದು ಯಾವ ಬಾಡಿಗೆದಾರನ ಕಣ್ಣಿಗೂ ಬೀಳುತ್ತದೆ.

ಕಥೆ ಇನ್ನೂ ಇದೆ, ತಡೆದುಕೊಳ್ಳಬೇಕು. ಅವನ ಮಗ ಆಗ ಅಥೆನ್ಸಿನಲ್ಲಿ ಓದುತ್ತಿದ್ದ. ಓದುತ್ತಿದ್ದದ್ದು ತತ್ತ್ವಶಾಸ್ತ್ರವನ್ನೇ. ಖರ್ಚಿಗೆ ಹೋಗುತ್ತಿದ್ದದ್ದು ರೋಮಿನಲ್ಲಿದ್ದ ಅಪ್ಪನ ಕಟ್ಟಡಗಳ ಬಾಡಿಗೆ. ಆ ವರ್ಷದ ಕೊನೆಯ ಹೊತ್ತಿಗೆ ಅಪ್ಪ ಈ ಮಗನನ್ನೇ ಉದ್ದೇಶಿಸಿ ಕರ್ತವ್ಯಗಳ ಬಗ್ಗೆ ದೊಡ್ಡದೊಂದು ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಒಂದು ಪ್ರಶ್ನೆ ಬರುತ್ತದೆ. ಒಬ್ಬ ಒಳ್ಳೆಯ ಮನುಷ್ಯ ಮನೆ ಮಾರುತ್ತಿದ್ದಾನೆ. ಅದು ರೋಗ ಹಿಡಿಸುವ ಮನೆ, ಕೋಣೆಕೋಣೆಗಳಲ್ಲೂ ಹಾವು ಕಾಣಿಸಿಕೊಳ್ಳುತ್ತದೆ, ಮರಮುಟ್ಟು ಕಳಪೆ, ಕುಸಿಯುವ ಸ್ಥಿತಿ. ಇದು ಮಾಲೀಕನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಕೊಳ್ಳುವವನಿಗೆ ಹೇಳಬೇಕೇ, ಬೇಡವೇ? ಸ್ಟೋಯಿಕ್ ಎಂಬ ತತ್ತ್ವಪಂಥದ ಇಬ್ಬರು ಪಂಡಿತರ ಹೆಸರಲ್ಲಿ ವಾದ ನಡೆಯುತ್ತದೆ. ಹೇಳಬೇಕಿಲ್ಲ ಎನ್ನುವವರ ಕಡೆಯ ಮಾತು ಸೊಗಸಾಗಿದೆ: ಹಾಗಾದರೆ ಹರಾಜು ಕೂಗುವವನು ಬೀದಿಯಲ್ಲಿ ನಿಂತು ‘ರೋಗದ ಮನೆ ಮಾರಾಟಕ್ಕಿದೆ’ ಎಂದು ಕೂಗಬೇಕೇ? ಇಷ್ಟು ಶತಮಾನ ಕಳೆದ ಮೇಲೂ ಬ್ರೋಕರುಗಳ ಪರವಾಗಿ ಇದಕ್ಕಿಂತ ಒಳ್ಳೆಯ ವಾದವನ್ನು ಯಾರೂ ಮಂಡಿಸಿಲ್ಲ. ಸಿಸೆರೊ ಮಾತ್ರ, ಹೇಳಲೇಬೇಕು, ಮುಚ್ಚಿಡುವುದು ಒಳ್ಳೆಯವನ ಲಕ್ಷಣವಲ್ಲ ಎಂದು ತೀರ್ಪು ಕೊಡುತ್ತಾನೆ. ಇಲಿಗಳು ಬಿಟ್ಟುಹೋದ ಅದೇ ವರ್ಷ!

ಹೊಸದಾಗಿ ಕಟ್ಟಿಸಿದ ಅಂಗಡಿಗಳಿಗೆ ಬಂದ ಬಾಡಿಗೆದಾರರಿಗೆ ಹಳೆಯದರ ಕಥೆ ಹೇಳಿದನೋ ಇಲ್ಲವೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಬ್ರೋಕರ್ ಯಾರಿದ್ದನೋ, “ಹಿಂದಿನವರಿಗೆಲ್ಲ ಟ್ರಾನ್ಸ್‌ಫರ್ ಆಯ್ತು” ಎಂದೇ ಹೇಳಿರುತ್ತಾನೆ.

ಇರಲಿ. ಹೇಳುವವರಿಲ್ಲದ ಮೇಲೆ ನಾವೇ ನೋಡಬೇಕು. ಮನೆ ನೋಡಲು ಹೋದಾಗ ಹಾಡಹಗಲೇ ಎಲ್ಲ ದೀಪ ಉರಿಯುತ್ತಿದ್ದರೆ ಮೊದಲು ಅವನ್ನು ಆರಿಸಿ. ಕಾಣದೇ ಹೋದ ಕೋಣೆ ಯಾವುದೋ ಅದನ್ನೇ ‘ಮಕ್ಕಳ ಕೋಣೆ’ ಎಂದು ತೋರಿಸಿರುತ್ತಾರೆ. ಮೊಣಕಾಲೆತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಅಡಿಪಾಯದಿಂದ ತೇವ ಏರುತ್ತಿರುವ ಗೋಡೆಗೆ ಆ ಎತ್ತರದಲ್ಲೇ ಬಣ್ಣ ಬೇಕಾಗುವುದು. ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿದರೆ ಎಲ್ಲವೂ ಚೆನ್ನಾಗಿಯೇ ಸುರಿಯುತ್ತವೆ, ಒಟ್ಟಿಗೆ ಬಿಟ್ಟು ನೋಡಿ. ಫ್ಲಷ್ ಒತ್ತಿ. ಮುಜುಗರ ಬೇಡ, ಮುಂದೆ ದಿನಾ ಒತ್ತಬೇಕಾದವರು ನೀವು. ಫೋನ್ ಹಿಡಿದು ಮೂಲೆಮೂಲೆಗೂ ಹೋಗಿ ಬನ್ನಿ. ಬಾಗಿಲಿನ ಅಗಲ, ಲಿಫ್ಟಿನ ಅಗಲ ಅಳೆಯಿರಿ, ಏಕೆಂದರೆ ಮಂಚ ಮಡಚುವುದಿಲ್ಲ. ಹಗಲು ನೋಡಿದ ಮನೆಯನ್ನು ರಾತ್ರಿ ಇನ್ನೊಮ್ಮೆ ನೋಡಿ. ಮಂಚ ಎಳೆಯುವವರು ಹಗಲು ಕೆಲಸಕ್ಕೆ ಹೋಗಿರುತ್ತಾರೆ. ಇಷ್ಟನ್ನು ಮಾಡುವಾಗ ಮಾಲೀಕರು ಬಾಗಿಲಲ್ಲಿ ಕೈಕಟ್ಟಿ ನಿಂತು ನಿಮ್ಮನ್ನು ಕಳ್ಳನಂತೆ ನೋಡುತ್ತಾರೆ. ನೋಡಲಿ. ನನ್ನ ಬ್ಯಾಂಕಿನ ಲೆಕ್ಕ ಅವರು ನೋಡಿಲ್ಲವೇ?

ಹಿಂದಿನವರು ಕುರುಹುಗಳನ್ನೂ ಬಿಟ್ಟಿರುತ್ತಾರೆ. ಕಿಟಕಿಯ ಸಂದಿಗೆ ತುರುಕಿದ ಪತ್ರಿಕೆ ಹಾಳೆ, ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕಿಸಿದ ಎರಡನೆಯ ಚಿಲಕ, ಸೂರಿನ ಕೆಳಗೆ ಬಕೆಟ್ ಇಟ್ಟೂ ಇಟ್ಟೂ ನೆಲದಲ್ಲಿ ಉಳಿದ ದುಂಡು ಗುರುತು. ಅಂಚೆ ಪೆಟ್ಟಿಗೆಯಲ್ಲಿ ಬೇರೆಬೇರೆ ಹೆಸರಿನ ಕಾಗದಗಳು ಬಹಳ ಇದ್ದರೆ ಆ ಮನೆಯಲ್ಲಿ ಜನ ಹೆಚ್ಚು ದಿನ ನಿಂತಿಲ್ಲ ಎಂದರ್ಥ. ನೆರೆಯವರನ್ನು ಕೇಳಬಹುದು. ಆದರೆ ನೆರೆಯವರೇ ಕಾರಣವಾಗಿದ್ದರೆ? ಆ ಖಚಿತ ಉಪಾಯಕ್ಕೆ ಬರುವ ಮೊದಲು ಕರಾರಿನ ವಿಷಯ ಮುಗಿಸಿಬಿಡುತ್ತೇನೆ, ಅದು ಸಣ್ಣದು.

ಸಣ್ಣದೆಂದರೆ ಹೇಳುವುದಕ್ಕೆ ಸಣ್ಣದು, ಓದುವುದಕ್ಕಲ್ಲ. ಕರಾರನ್ನು ಪೂರ್ತಿ ಓದಬೇಕು, ಅಷ್ಟೆ. ಮಾಲೀಕರು ಎದುರಿಗೇ ಪೆನ್ನು ಹಿಡಿದು ಕೂತಾಗ ಪೂರ್ತಿ ಓದಲು ಧೈರ್ಯ ಬೇಕು. ಹಿಡಿದು ಕೂತವರು ನಿಜವಾಗಿ ಮಾಲೀಕರೇ ಎಂಬ ಕಾಗದವನ್ನು ಅದಕ್ಕೂ ಮೊದಲು ನೋಡಿರಬೇಕು. ಮನೆಯೊಳಗೆ ಕಾಲಿಡದೆ ಒಂದು ಕಾಸನ್ನೂ ಕಳಿಸಬಾರದು. ರಿಪೇರಿ ಯಾರ ಖರ್ಚು, ಬಾಡಿಗೆ ಯಾವಾಗ ಏರುತ್ತದೆ, ಬಿಡುವುದಾದರೆ ಎಷ್ಟು ಮೊದಲು ಹೇಳಬೇಕು, ಮಧ್ಯದಲ್ಲಿ ಬಿಟ್ಟರೆ ಏನು, ಮುಂಗಡದಲ್ಲಿ ಯಾವುದಕ್ಕೆ ಮುರಿದುಕೊಳ್ಳಬಹುದು ಎಂಬ ಸಾಲುಗಳನ್ನು ಎರಡು ಸಲ ಓದಬೇಕು. “ಅದನ್ನೆಲ್ಲ ಮಾಡಿಸ್ಕೊಡ್ತೀವಿ ಬಿಡಿ” ಎಂದ ಮಾತು ಕಾಗದಕ್ಕೆ ಇಳಿಯದಿದ್ದರೆ ಅದು ಮಾತಾಗಿಯೇ ಉಳಿಯುತ್ತದೆ. ರೋಮನ್ ಆಳ್ವಿಕೆಯ ಈಜಿಪ್ಟಿನಿಂದ ಪಪೈರಸ್ ಹಾಳೆಯ ಬಾಡಿಗೆ ಕರಾರುಗಳು ಎಷ್ಟೋ ಸಿಕ್ಕಿವೆ. ಮನೆ ಬಿಡುವಾಗ ಕಸಕೊಳೆ ಇಲ್ಲದಂತೆ, ಪಡೆದುಕೊಂಡ ಬಾಗಿಲು ಮತ್ತು ಬೀಗದಕೈಗಳ ಸಮೇತ ಒಪ್ಪಿಸತಕ್ಕದ್ದು ಎಂಬ ಷರತ್ತು ಅವುಗಳಲ್ಲಿ ಮತ್ತೆಮತ್ತೆ ಬರುತ್ತದೆ. ಮರ ದುರ್ಲಭವಾದ ಆ ನಾಡಿನಲ್ಲಿ ಬಾಡಿಗೆದಾರ ಬಾಗಿಲನ್ನೇ ಕಳಚಿಕೊಂಡು ಹೊರಟುಬಿಟ್ಟಾನು ಎಂಬ ಭಯವಿತ್ತು. ಈಗ ಬಾಗಿಲಿನ ಭಯ ಹೋಗಿ ಗೋಡೆಯ ಭಯ ಬಂದಿದೆ.

ಗೋಡೆಯೆಂದರೆ ಮೊಳೆ. ‘ಗೋಡೆಗೆ ಮೊಳೆ ಹೊಡೆಯಕೂಡದು’ ಎಂಬ ಷರತ್ತಿರುವ ಮನೆಗೆ ಹೋದರೆ ಗೋಡೆ ತುಂಬ ಹಿಂದಿನವರ ಮೊಳೆಗಳಿರುತ್ತವೆ. ಅವನ್ನು ಬಳಸಬಹುದೇ? ಕರಾರು ಮೌನ. ಕ್ಯಾಲೆಂಡರ್ ಎಲ್ಲಿ ತೂಗುಹಾಕಬೇಕು, ಗಡಿಯಾರ ಎಷ್ಟು ಎತ್ತರಕ್ಕಿರಬೇಕು ಎಂಬುದನ್ನು ಯಾರೋ ಮುಖ ಕಾಣದ ಮನುಷ್ಯ ನಮಗಾಗಿ ತೀರ್ಮಾನಿಸಿ ಹೋಗಿರುತ್ತಾನೆ. ನನ್ನ ಮನೆಯಲ್ಲಿ ಗಡಿಯಾರ ಬಹಳ ಕಾಲ ಬಚ್ಚಲಿನ ಬಾಗಿಲ ಮೇಲಿತ್ತು. ಹೊತ್ತೆಷ್ಟೆಂದು ನೋಡಲು ಆ ಕಡೆ ಹೋದರೆ ಒಳಗಿದ್ದವರು ‘ಬಂದೆ, ಬಂದೆ’ ಎಂದು ಕೂಗುತ್ತಿದ್ದರು.

ಆದ್ದರಿಂದಲೇ ಮನೆಗೆ ಕಾಲಿಟ್ಟ ದಿನವೇ, ಸಾಮಾನು ಇಳಿಸುವ ಮೊದಲು, ಫೋಟೊ ತೆಗೆಯಬೇಕು. ಗೋಡೆ, ನೆಲ, ಸಿಂಕಿನ ಕೆಳಗಿನ ಕತ್ತಲು, ವಿದ್ಯುತ್ ಮೀಟರಿನ ಅಂಕಿ, ಎಲ್ಲವನ್ನೂ ತಾರೀಖಿನ ಸಮೇತ. ಇರುವ ಕುಂದುಗಳನ್ನೆಲ್ಲ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಬಳಸುತ್ತ ಬಳಸುತ್ತ ಮನೆ ಸವೆಯುವುದು ಸಹಜ, ಅಂಥ ಸವಕಳಿಗೆ ಬಾಡಿಗೆದಾರ ದಂಡ ತೆರಬೇಕಿಲ್ಲ ಎಂಬುದನ್ನು ಬಹಳ ದೇಶಗಳ ಕಾನೂನು ಒಪ್ಪುತ್ತದೆ. ಇಂಗ್ಲೆಂಡಿನಲ್ಲಿ 2007ರಿಂದ ಸಾಮಾನ್ಯ ಬಾಡಿಗೆ ಮನೆಗಳ ಮುಂಗಡವನ್ನು ಸರ್ಕಾರ ಒಪ್ಪಿದ ಯೋಜನೆಯಡಿ ಭದ್ರಪಡಿಸಲೇಬೇಕು, ಜಗಳ ಬಂದರೆ ಅಲ್ಲೇ ಪಂಚಾಯಿತಿಗೆ ವ್ಯವಸ್ಥೆಯೂ ಇದೆ. ಇಂಥ ವ್ಯವಸ್ಥೆ ಇಲ್ಲದ ಕಡೆ ನಾವುಂಟು, ನಮ್ಮ ಫೋನಿನ ಫೋಟೊ ಉಂಟು.

ನಾನು ಹಿಂದೊಂದು ಮನೆ ಬಿಡುವಾಗ ಮಾಲೀಕರು ಗೋಡೆಯ ಉದ್ದಕ್ಕೂ ಬೆರಳಾಡಿಸುತ್ತ ನಡೆದರು. ಹಜಾರದಲ್ಲಿ ನಿಂತು, “ಈ ಮೊಳೆ ನಿಮ್ಮದು” ಎಂದರು. ಅದು ಮೊದಲೇ ಇತ್ತು ಎಂದೆ. ಯಾರು ಹೇಳಿದ್ದು ಎಂದರು. ನಾನು ಫೋನ್ ತೆಗೆದು, ಸಾಮಾನು ಇಳಿಸುವ ಮೊದಲು ತೆಗೆದ ಫೋಟೊ ಹುಡುಕಿ, ಬೆರಳಿನಿಂದ ದೊಡ್ಡದು ಮಾಡಿ ತೋರಿಸಿದೆ. ಅದೇ ಗೋಡೆ, ಅದೇ ಜಾಗ, ಅದೇ ಮೊಳೆ, ಕೆಳಗೆ ತಾರೀಖು. ಅವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಫೋಟೊ ನೋಡಿದರು, ಗೋಡೆ ನೋಡಿದರು, ಮತ್ತೆ ಫೋಟೊ ನೋಡಿದರು. ಆಮೇಲೆ ಫೋನನ್ನು ನನ್ನ ಕೈಗಿಟ್ಟು, “ಇದು ಬೇರೆ ಮೊಳೆ” ಎಂದರು.