ಒಂದೇ ಊರಿನಲ್ಲಿ ಉಳಿದ ನಿರ್ಮಾಪಕ

ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಗೆ ಟಿವಿ ಬಂದದ್ದು 1975ರಲ್ಲಿ, ಸೈಟ್ ಎಂಬ ಉಪಗ್ರಹ ಪ್ರಯೋಗದ ಮೂಲಕ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಒಂದು ವರ್ಷದ ಮಟ್ಟಿಗೆ ದೊರೆತ ಆ ಭಾಗ್ಯದಲ್ಲಿ ನಮ್ಮ ರಾಜ್ಯದ ಪಾಲು ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳಿಗೆ ಬಂದಿತ್ತು. ತಂತಿಬಲೆಯ ದೊಡ್ಡ ಆಂಟೆನಾದ ಪಕ್ಕದಲ್ಲಿ ಊರೆಲ್ಲ ಕುಳಿತು ನೋಡುತ್ತಿದ್ದಾಗ ನಮ್ಮಜ್ಜ, ತೆರೆಯ ಮೇಲೆ ಮಾತನಾಡುತ್ತಿದ್ದ ರೈತ ನಮ್ಮ ಸೀಮೆಯವನಲ್ಲ ಎಂದಿದ್ದರು. ಕರ್ನಾಟಕದ ಹಳ್ಳಿಗಳಿಗಾಗಿ ಆಗ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇಪ್ಪತ್ತಾರು ವರ್ಷಗಳಿಂದ ನಾನು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದೇನೆ. ಇಲ್ಲಿಯ ಡಬ್ಲ್ಯುಕ್ಯುಇಡಿ ವಾಹಿನಿ 1954ರ ಏಪ್ರಿಲ್ 1ರಂದು ಊರವರ ಹಣದಿಂದಲೇ ಆರಂಭವಾದದ್ದು. ಆ ಬಗೆಯಲ್ಲಿ ಆ ದೇಶಕ್ಕೇ ಮೊದಲನೆಯದು. ರಿಕ್ ಸೀಬ್ಯಾಕ್ ಎಂಬ ನಿರ್ಮಾಪಕರು 1987ರಲ್ಲಿ ದಕ್ಷಿಣ ಕೆರೊಲಿನಾದ ಸಾರ್ವಜನಿಕ ಟಿವಿಯನ್ನು ಬಿಟ್ಟು ಇಲ್ಲಿಗೆ ಬಂದವರು, ಮುಂದಿನ ಹಲವು ದಶಕಗಳನ್ನು ಇದೇ ಊರಿನ ಕಥೆಗಳನ್ನು ಹೇಳುವುದರಲ್ಲಿ ಕಳೆದರು. ಕೆನಿವುಡ್ ಎಂಬ ಹಳೆಯ ಮನರಂಜನಾ ಉದ್ಯಾನ, ನಗರದ ಮೂರು ನದಿಗಳು, ಸಗಟು ಮಾರುಕಟ್ಟೆಯ ಬೀದಿ, ಇವೇ ಅವರ ವಸ್ತುಗಳು. 1990ರಲ್ಲಿ ಅವರು ಇಲ್ಲವಾದ ತಾಣಗಳ ಬಗೆಗೇ ಒಂದು ಸಾಕ್ಷ್ಯಚಿತ್ರ ಮಾಡಿದರು; 1970ರಲ್ಲಿ ಕೊನೆಯ ಪಂದ್ಯ ಕಂಡು ನೆಲಸಮವಾದ ಫೋರ್ಬ್ಸ್ ಫೀಲ್ಡ್ ಮೈದಾನ ಅದರಲ್ಲಿದೆ. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಜನ ಊರು ಬಿಟ್ಟ ದಶಕ ಆಗಷ್ಟೇ ಮುಗಿದಿತ್ತು ಎಂಬುದನ್ನು ನೆನೆದರೆ, ಆ ಚಿತ್ರ ಇಲ್ಲಿಯವರಿಗೆ ಏನಾಗಿತ್ತೆಂದು ಊಹಿಸಬಹುದು. ನಿರೂಪಣೆಯ ಧ್ವನಿಯೂ ಅವರದೇ. ಪರಊರಿನವನಾದ ನನಗೆ ಈ ಊರಿನ ಪರಿಚಯ ಮಾಡಿಸಿದ್ದು ನೆರೆಯವರಿಗಿಂತ ಹೆಚ್ಚಾಗಿ ಆ ಧ್ವನಿ.

ನಮ್ಮಲ್ಲಿ ಕಾರ್ಯಕ್ರಮ ನಿರ್ಮಾಪಕನೊಬ್ಬ ಮೂವತ್ತು ವರ್ಷ ಒಂದೇ ಜಿಲ್ಲೆಯನ್ನು ಕುರಿತು ಕೆಲಸ ಮಾಡಿದ ಉದಾಹರಣೆಯನ್ನು ನಾನು ಕಂಡಿಲ್ಲ. ಸರ್ಕಾರಿ ನೌಕರಿಯ ಪದ್ಧತಿಯಲ್ಲಿ ವರ್ಗಾವಣೆ ಸಹಜ. ಒಂದು ಸೀಮೆಯ ಮಾತಿನ ಲಯ, ಯಾರ ಮನೆಯಲ್ಲಿ ಹಳೆಯ ಫೋಟೊಗಳಿವೆ, ಯಾವ ಅಜ್ಜಿಗೆ ಬರಗಾಲದ ಹಾಡು ನೆನಪಿದೆ ಎಂಬುದು ತಿಳಿಯುವ ಹೊತ್ತಿಗೆ ಅಧಿಕಾರಿ ಬೇರೆಡೆಗೆ ಹೊರಟಿರುತ್ತಾನೆ. ಪ್ರತಿಭೆಯ ಕೊರತೆ ನಮಗೆ ಎಂದೂ ಇರಲಿಲ್ಲ. ನೆಲೆನಿಲ್ಲಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಸಾಕ್ಷಿ: 2002ರಲ್ಲಿ ಆರಂಭವಾದ ಈ ರಸಪ್ರಶ್ನೆಯನ್ನು ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ಸಾವಿರಾರು ಸಂಚಿಕೆಗಳವರೆಗೆ ನಡೆಸಿಕೊಂಡು ಬಂದಿದ್ದಾರೆ, ಅಲ್ಲಿ ಸರಿಯುತ್ತರಕ್ಕೆ ಸಿಗುವ ಬಹುಮಾನ ಪುಸ್ತಕ.

ಹಾಗೆಂದು ಅಮೆರಿಕದ ವ್ಯವಸ್ಥೆಯನ್ನು ಇಡಿಯಾಗಿ ತರಬೇಕೆಂದು ನಾನು ಹೇಳಲಾರೆ. ಇಲ್ಲಿ ಕಾರ್ಯಕ್ರಮದ ನಡುವೆ ಗಂಟೆಗಟ್ಟಲೆ ದೇಣಿಗೆ ಕೇಳಬೇಕಾಗುತ್ತದೆ. ಇಂಥ ವಾಹಿನಿಗಳಿಗೆ ಸರ್ಕಾರದ ಹಣ ಹಂಚುತ್ತಿದ್ದ, 1967ರ ಕಾಯ್ದೆಯಿಂದ ಹುಟ್ಟಿದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಮೀಸಲಾಗಿದ್ದ ಎರಡು ವರ್ಷಗಳ ಸುಮಾರು 110 ಕೋಟಿ ಡಾಲರನ್ನು ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಮರುತಿಂಗಳೇ ನಿಗಮ ತನ್ನ ಕೆಲಸ ನಿಲ್ಲಿಸುವುದಾಗಿ ಪ್ರಕಟಿಸಿತು. ಆ ಸುದ್ದಿ ಓದಿದ ದಿನ ನಾನು ಎಂದಿಗಿಂತ ಹೆಚ್ಚಿನ ದೇಣಿಗೆ ಕಳುಹಿಸಿದೆ. ಬಡವನ ಮನೆಗೂ ಕೈಚಾಚದೆ ತಲುಪುವ ದೂರದರ್ಶನದ ಬೆಲೆ ಅಂದು ನನಗೆ ಮತ್ತಷ್ಟು ತಿಳಿಯಿತು.

ನಾನು ಬಯಸುವುದು ಹೊಸ ಕಟ್ಟಡವನ್ನಾಗಲಿ ಹೊಸ ವಾಹಿನಿಯನ್ನಾಗಲಿ ಅಲ್ಲ. ಪ್ರತಿಯೊಂದು ಸೀಮೆಗೂ ಒಬ್ಬ ನಿರ್ಮಾಪಕನನ್ನು ನೇಮಿಸಿ, ಇಪ್ಪತ್ತು ವರ್ಷ ಅಲ್ಲಿಂದ ಕದಲಿಸದೆ, ಅವನ ಹೆಸರಿನಲ್ಲೇ ಅವನ ಕೆಲಸವನ್ನು ಕಾಪಿಡಬೇಕು. ನಮ್ಮ ಜಿಲ್ಲೆಯಲ್ಲಿ ಅವನಿಗೆ ವಸ್ತುವಿನ ಬರ ಬಾರದು: ಹಟ್ಟಿಯ ಚಿನ್ನದ ಗಣಿ ಇದೆ, ಶಕ್ತಿನಗರದ ವಿದ್ಯುತ್ ಸ್ಥಾವರವಿದೆ, ತುಂಗಭದ್ರೆಯ ಎಡದಂಡೆ ಕಾಲುವೆ ಬದಲಿಸಿದ ಬದುಕುಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಲಿಗಳಲ್ಲಿ ಮೊದಲ ತಲೆಮಾರಿನವರು ಈಗ ಮುಪ್ಪಿನಲ್ಲಿದ್ದಾರೆ. ಅವರ ಅಂಗಳದಲ್ಲಿ ಕ್ಯಾಮೆರಾ ಇಡುವವನು ಸಿಂಧನೂರಿನಲ್ಲೇ ಮನೆ ಮಾಡಿಕೊಂಡು ಅವರ ಮಕ್ಕಳ ಮದುವೆಗಳಲ್ಲಿ ಉಂಡವನಾಗಿರಬೇಕು.