ಅಜ್ಜಿಗೆ ಕೊಟ್ಟ ಲಂಚ

ಗಂಡನ ಅಜ್ಜಿಗೆ 80 ತುಂಬಿತು ಅಂತ ಮೆಕ್ಸಿಕೊದ ಪ್ವೆಬ್ಲಾಗೆ ಹೋಗಿದ್ದೆವು. ಕರೆದಿದ್ದು ಮಧ್ಯಾಹ್ನ 2 ಗಂಟೆಗೆ. ನಾನು ಒಂದೂವರೆಗೇ ಸೀರೆ ಉಟ್ಟು ಕೂತಿದ್ದೆ. ಗಂಡ "ಅಓರೀತಾ" ಅಂದ. ಹಾಗಂದರೆ 'ಈಗಲೇ' ಅಂತೆ. ಮನೆಯಲ್ಲಿ ಚಪ್ಪಲಿ ಹುಡುಕುತ್ತಾ "ಇಲ್ಲೇ ಸಿಗ್ನಲ್ ಹತ್ರ ಇದೀನಿ" ಅಂತೀವಲ್ಲ, ಆ ಥರದ ಈಗಲೇ. ನಾಲ್ಕಕ್ಕೆ ತಲುಪಿದೆವು. ನಾವೇ ಮೊದಲು.

ಆಮೇಲೆ ಒಬ್ಬೊಬ್ಬರೇ ಬಂದರು. ನಾನು ಕೈ ಜೋಡಿಸುವಷ್ಟರಲ್ಲಿ ಕೆನ್ನೆ ಹತ್ತಿರ ಬಂದಿರುತ್ತಿತ್ತು. ಯಾವ ಕಡೆ ತಿರುಗಬೇಕು ಅಂತ ಗೊತ್ತಾಗದೆ ಗಂಡನ ಸೋದರಮಾವನ ಕನ್ನಡಕಕ್ಕೆ ಮೂಗು ಗುದ್ದಿಸಿಕೊಂಡೆ.

ಊಟದ ಕಥೆ ಬೇರೆ. ನಾನು ಸಸ್ಯಾಹಾರಿ ಅಂತ ಮೊದಲೇ ಹೇಳಿಸಿದ್ದೆ. ಪಾಪ, ಅತ್ತೆ ಬೀನ್ಸ್ ಮಾಡಿದ್ದರು, ಹಂದಿ ಕೊಬ್ಬಿನಲ್ಲಿ. ಊರಿನ ಹೆಸರುವಾಸಿ ಪದಾರ್ಥವೊಂದಿದೆ: ಒಣಮೆಣಸಿನಕಾಯಿ, ಎಳ್ಳು, ಚಕ್ಕೆ, ಚಾಕೊಲೇಟ್ ಎಲ್ಲ ರುಬ್ಬಿ ಕುದಿಸಿದ ಗೊಜ್ಜು. ಕೋಳಿ ಮೇಲೆ ಸುರಿಯುತ್ತಾರೆ. ನನಗೆ ಬಡಿಸುವಾಗ ಕೋಳಿ ತುಂಡು ಎತ್ತಿಟ್ಟು, "ಈಗ ತಿನ್ನು" ಅಂದರು. ಅದರ ಹೆಸರನ್ನು ಮಾತ್ರ ಫೋನಲ್ಲಿ ಅಮ್ಮನಿಗೆ ಹೇಳುವುದು ಕಷ್ಟವಾಯಿತು. 'ಮೋ'ಗೆ ಜೋರಾಗಿ ದೀರ್ಘ ಎಳೆದು "ಮೋಲೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಕೊನೆಗೆ ರೊಟ್ಟಿಯೊಳಗೆ ಬರೀ ಚೀಸ್ ಹಾಕಿ ಬೇಯಿಸಿದ ಕೆಸಡಿಯಾ ಬಂತು. ಬೇಕಾ ಅಂದರು. ಒಳ್ಳೆ ಸೊಸೆ ಥರ "ಗ್ರಾಸಿಯಾಸ್" ಅಂದೆ. ತಟ್ಟೆ ಮುಂದಕ್ಕೆ ಹೋಯಿತು! ಬೇಕಾ ಅಂದಾಗ ಬರೀ ಥ್ಯಾಂಕ್ಸ್ ಅಂದರೆ ಅಲ್ಲಿ 'ಬೇಡ' ಅಂತ ಅರ್ಥವಂತೆ. ನಮ್ಮಲ್ಲಿ ಬೇಡ ಬೇಡ ಅಂದರೂ ಇನ್ನೆರಡು ಹೋಳಿಗೆ ಬೀಳುತ್ತೆ, ಇಲ್ಲಿ ನೋಡಿ.

ಕೇಕ್ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾ "ಮೊರ್ದೀದಾ! ಮೊರ್ದೀದಾ!" ಅಂತ ಕೂಗತೊಡಗಿದರು. ನನಗೆ ಬರುತ್ತಿದ್ದ ಹತ್ತಿಪ್ಪತ್ತು ಪದಗಳಲ್ಲಿ ಅದೂ ಒಂದು. ಲಂಚ! ಗಂಡ ಹೇಳಿಕೊಟ್ಟಿದ್ದ. ನಮ್ಮಲ್ಲಿ ದುಡ್ಡು ತಿಂತಾರೆ, ಅಲ್ಲಿ ಕಚ್ತಾರೆ, ಅಷ್ಟೇ ವ್ಯತ್ಯಾಸ. ಮುಯ್ಯಿ ಕೇಳುವುದಕ್ಕೆ ಇವರ ತಮಾಷೆ ಇರಬೇಕು ಅಂದುಕೊಂಡೆ. ಬ್ಯಾಗಿನಲ್ಲಿ ಕವರ್ ರೆಡಿ ಇತ್ತು. 500 ಪೆಸೊ ನೋಟು, ಮೇಲೆ ಟೇಪ್ ಹಚ್ಚಿ ಅಂಟಿಸಿದ ಒಂದು ಪೆಸೊ ನಾಣ್ಯ. ಸೆರಗು ಸರಿಮಾಡಿಕೊಂಡು ಹೋಗಿ, ಎಲ್ಲರೆದುರು ಅಜ್ಜಿ ಕೈಗೆ ಕೊಟ್ಟು ಕಾಲಿಗೆ ಬಗ್ಗಿದೆ.

ಎದ್ದು ನೋಡುತ್ತೇನೆ, ಅಜ್ಜಿ ಕೇಕ್ ಕಚ್ಚಲು ಬಗ್ಗಿದ್ದಾರೆ, ಮೊಮ್ಮಗನೊಬ್ಬ ಹಿಂದಿನಿಂದ ಅವರ ತಲೆ ಒತ್ತುತ್ತಿದ್ದಾನೆ. ಹುಟ್ಟುಹಬ್ಬದವರು ಕೈ ಮುಟ್ಟಿಸದೆ ಮೊದಲ ತುತ್ತು ಕಚ್ಚಬೇಕು, ಕಚ್ಚುವಾಗ ಮುಖ ಕೇಕಿಗೆ ಅದ್ದಬೇಕು. ಅದಕ್ಕೂ ಮೊರ್ದೀದಾ ಅನ್ನುತ್ತಾರೆ. ಮೂಗಿನ ತುಂಬ ಕ್ರೀಮ್ ಇಟ್ಟುಕೊಂಡೇ ಅಜ್ಜಿ ಕವರ್ ತೆರೆದು, ನೋಟನ್ನು ರವಿಕೆಯೊಳಗೆ ಸೇರಿಸಿದರು. ನಾಣ್ಯ ತೋರಿಸಿ ಇದೇನು ಅಂತ ಕೇಳಿದರು. ಗಂಡ ಏನು ವಿವರಿಸಿದನೋ, ಇಡೀ ಮನೆ ಬಿದ್ದು ಬಿದ್ದು ನಕ್ಕಿತು.

ಮರುದಿನ ಬೆಳಿಗ್ಗೆ ಬಚ್ಚಲುಮನೆ ಬಾಗಿಲಿಗೆ ಆರು ವರ್ಷದ ಪೋರನೊಬ್ಬ ಅಡ್ಡ ನಿಂತಿದ್ದ. ಕೈ ಚಾಚಿ "ಮೊರ್ದೀದಾ" ಅಂದ. ಒಂದು ಪೆಸೊ ಕೊಟ್ಟೆ. ನಾಣ್ಯ ತಿರುಗಿಸಿ ನೋಡಿ, ಬಾಕಿ 500 ಎಲ್ಲಿ ಅಂತ ಕೇಳಿದ.