ತಿರುಪತಿಗೆ ಹೋಗುತ್ತದೆಯೇ ಎಂದು ಕೇಳುವ ಮೊದಲು

ಕೋಲಾರದಲ್ಲಿ ಯಾರ ಮುಂದೆ ವಿದ್ಯುತ್ ಕಾರಿನ ಮಾತೆತ್ತಿದರೂ ಮೊದಲು ಬರುವ ಪ್ರಶ್ನೆ ಒಂದೇ: ‘ಒಂದು ಚಾರ್ಜಿಗೆ ತಿರುಪತಿ ಮುಟ್ಟುತ್ತದೆಯೇ?’ ಕಳೆದ ಮೇ ತಿಂಗಳಲ್ಲಿ ತಂಗಿಗೆ ಕಾರು ಕೊಡಿಸಲೆಂದು ರಜೆ ಹಾಕಿ ಊರಿಗೆ ಬಂದಿದ್ದೆ. ಡೂಂ ಲೈಟ್ ವೃತ್ತದ ಟೀ ಅಂಗಡಿಯಿಂದ ಹಿಡಿದು ಚಿಕ್ಕಪ್ಪನ ಮನೆಯ ಜಗುಲಿಯವರೆಗೆ ಇದನ್ನೇ ಕೇಳಿಸಿಕೊಂಡೆ. ಹದಿನೆಂಟು ವರ್ಷದಿಂದ ನಾನಿರುವ ಲಂಡನ್ನಿನಲ್ಲೂ ಇದೇ ಪ್ರಶ್ನೆ, ಊರಿನ ಹೆಸರು ಮಾತ್ರ ಬೇರೆ. ಅಲ್ಲಿ ಸ್ಕಾಟ್ಲೆಂಡಿಗೆ ಹೋಗುತ್ತದೆಯೇ ಎನ್ನುತ್ತಾರೆ. ವರ್ಷಕ್ಕೊಮ್ಮೆ ಹೋಗುವ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ವರ್ಷವಿಡೀ ಓಡಿಸುವ ಕಾರನ್ನು ಆರಿಸುವುದು ತಪ್ಪು ಎಂದು ಎರಡೂ ಕಡೆ ವಾದಿಸಿದ್ದೇನೆ. ನೋಡಬೇಕಾದದ್ದು ನಾವಿರುವ ಮನೆಯನ್ನು, ದಿನಾ ಓಡಾಡುವ ದಾರಿಯನ್ನು, ಕಾರಿನಲ್ಲಿ ಕೂರುವವರನ್ನು.

ವಿದ್ಯುತ್ ಕಾರನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಲಂಡನ್ನಿನಲ್ಲಿ. ಆ ಕಾರು ನಮ್ಮ ಬೆಂಗಳೂರಿನದು. ಚೇತನ್ ಮೈನಿ ಅವರ ತಂಡ ಬೆಂಗಳೂರಿನಲ್ಲಿ ತಯಾರಿಸಿ 2001ರಲ್ಲಿ ಮಾರಾಟಕ್ಕಿಟ್ಟ ರೇವಾ ಅಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡುತ್ತಿತ್ತು. ಎರಡು ಬಾಗಿಲು, ಸೀಟಿನ ಕೆಳಗೆ ಸಾಲಾಗಿ ಸೀಸ-ಆಮ್ಲದ ಬ್ಯಾಟರಿಗಳು. 2003ರಲ್ಲಿ ನಗರದ ಮಧ್ಯಭಾಗಕ್ಕೆ ಬರುವ ಕಾರುಗಳ ಮೇಲೆ ಲಂಡನ್ ದಟ್ಟಣೆ ಶುಲ್ಕ ಹೇರಿದಾಗ ವಿದ್ಯುತ್ ಕಾರುಗಳಿಗೆ ವಿನಾಯಿತಿ ಕೊಟ್ಟಿತು. ಪ್ರತಿದಿನ ಐದು ಪೌಂಡ್ ಉಳಿಯುತ್ತದೆಂದು ಲೆಕ್ಕ ಹಾಕಿದ ಜನ ಈ ಪುಟ್ಟ ಕಾರನ್ನು ಕೊಂಡರು. ಬಿಡುವಿಲ್ಲದೆ ಮಳೆ ಸುರಿಯುತ್ತಿದ್ದ ಒಂದು ಸಂಜೆ, ಪಾದಚಾರಿ ದಾರಿಯ ಪಕ್ಕದ ಕಂಬದಿಂದ ಒಂದು ರೇವಾಗೆ ತಂತಿ ಹಾಕಿದ್ದನ್ನು ಕಂಡು ಊರಿನವರೊಬ್ಬರು ಎದುರು ಸಿಕ್ಕಷ್ಟು ಸಂತೋಷಪಟ್ಟಿದ್ದೆ. ನಮ್ಮವರು ಕಟ್ಟಿದ ಕಾರನ್ನು ನಮಗಿಂತ ಹೆಚ್ಚು ಅವರು ಮೆಚ್ಚಿದರಲ್ಲ ಎಂಬ ಕೊರಗೂ ಜೊತೆಗಿತ್ತು.

ಆದರೆ ಲಂಡನ್ನಿನ ಮನೆಗಳು ವಿದ್ಯುತ್ ಕಾರಿಗೆ ಹೇಳಿಮಾಡಿಸಿದವಲ್ಲ. ನಾನಿರುವುದು ಗೋಡೆಗೆ ಗೋಡೆ ತಾಗಿದ ಸಾಲುಮನೆಯಲ್ಲಿ. ಕಾರು ಬೀದಿಯಲ್ಲಿ, ಅದೂ ಜಾಗ ಸಿಕ್ಕ ಕಡೆ. ರಾತ್ರಿ ಕೇಬಲ್ ಹಿಡಿದು ದೀಪದ ಕಂಬ ಹುಡುಕಿಕೊಂಡು ಹೋಗುತ್ತೇನೆ. ಸ್ವಂತ ಮನೆಯ ಅಂಗಳದಲ್ಲಿ ಚಾರ್ಜ್ ಮಾಡುವವರು ವಿದ್ಯುತ್ತಿಗೆ ಕೊಡುವ ತೆರಿಗೆ ಶೇ. 5, ಬೀದಿಯಲ್ಲಿ ಮಾಡುವವರು ಕೊಡುವುದು ಶೇ. 20. ಅಂಗಳ ಇಲ್ಲದವನಿಗೇ ದುಬಾರಿ. ಇದು ಅನ್ಯಾಯ ಎಂದು ಅಲ್ಲಿ ಬಹಳ ಜನ ಹೇಳುತ್ತಿದ್ದಾರೆ, ನಾನೂ ಹೇಳುತ್ತೇನೆ.

ಕೋಲಾರದ ನಮ್ಮ ಮನೆ 30-40ರ ನಿವೇಶನದಲ್ಲಿದೆ. ಗೇಟು ತೆಗೆದರೆ ಪೋರ್ಟಿಕೊ, ಅಲ್ಲೇ ಗೋಡೆಯಲ್ಲಿ ಸಂಪಿನ ಮೋಟಾರಿನ ಸ್ವಿಚ್ಚು, ಅದರ ಪಕ್ಕದಲ್ಲಿ ಹದಿನೈದು ಆಂಪಿಯರ್ ಸಾಕೆಟ್. ಗೋಡೆಯ ಸಾಕೆಟ್ಟಿಗೆ ಚುಚ್ಚುವ ಚಾರ್ಜರನ್ನು ಬ್ರಿಟನ್ನಿನವರು ‘ಅಜ್ಜಿ ಚಾರ್ಜರ್’ ಎನ್ನುತ್ತಾರೆ, ಅಜ್ಜಿಯ ಮನೆಗೆ ಹೋದಾಗ ಬಳಸುವುದು ಎಂಬ ಅರ್ಥದಲ್ಲಿ. ಅವರಿಗೆ ಅದು ಅಪರೂಪದ ಏರ್ಪಾಡು, ನಮ್ಮ ಊರಿನಲ್ಲಿ ಅದೇ ದಿನನಿತ್ಯದ ದಾರಿ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ಕಾರು ಕೊಳ್ಳುವ ಶಕ್ತಿಯಿರುವ ಬಹುಪಾಲು ಮನೆಗಳಿಗೆ ಒಂದು ಗೇಟು, ಒಂದಿಷ್ಟು ನೆರಳು, ಒಂದು ಸಾಕೆಟ್ ಇದ್ದೇ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಸಂಘದ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಕಾಯುವುದನ್ನು ನೋಡಿದ್ದೇನೆ. ಸಣ್ಣ ವಿದ್ಯುತ್ ಕಾರು ಮಹಾನಗರದವರ ಸಾಮಗ್ರಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಹೇಳಿಮಾಡಿಸಿದ ಜಾಗ ನಮ್ಮ ಜಿಲ್ಲಾ ಕೇಂದ್ರಗಳು. ವಿದ್ಯುತ್ತಿನ ಮಟ್ಟಿಗೆ ಕೋಲಾರ ಜಿಲ್ಲೆ ಎಂದೂ ಕೊನೆಯ ಸಾಲಿನಲ್ಲಿ ನಿಂತದ್ದಲ್ಲ. ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು 1902ರಲ್ಲಿ ಕೆಜಿಎಫ್‌ನ ಗಣಿಗಳಿಗೆ ಬಂತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ.

ತಂಗಿ ಹೈಸ್ಕೂಲ್ ಶಿಕ್ಷಕಿ. ಶಾಲೆ ಬಂಗಾರಪೇಟೆಯ ಕಡೆ, ಹೋಗಿಬರಲು ಮೂವತ್ತೆರಡು ಕಿಲೋಮೀಟರ್. ಸಂತೆ, ಅಪ್ಪನನ್ನು ಟಮಕದ ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲ ಸೇರಿಸಿದರೆ ದಿನಕ್ಕೆ ನಲವತ್ತು, ತಿಂಗಳಿಗೆ ಸಾವಿರ. ಲೀಟರ್ ಪೆಟ್ರೋಲಿಗೆ 103 ರೂಪಾಯಿ, ಊರೊಳಗೆ ಲೀಟರಿಗೆ 15 ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ ಏಳು ರೂಪಾಯಿಯ ಹತ್ತಿರ ಬರುತ್ತದೆ. ಸಣ್ಣ ವಿದ್ಯುತ್ ಕಾರು, ಚಾರ್ಜ್ ಮಾಡುವಾಗ ಸೋರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಯೂನಿಟ್ಟಿಗೆ ಎಂಟೂವರೆ ಕಿಲೋಮೀಟರ್ ಓಡುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಎಂದರೂ ಎಪ್ಪತ್ತು ಪೈಸೆ. ನಮಗೆ ವಿದ್ಯುತ್ ಕಾರು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಸುಮಾರು ಮೂರು ಲಕ್ಷ ಹೆಚ್ಚು ಬಿತ್ತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವ ತಂಗಿಗೆ ಆ ಮೂರು ಲಕ್ಷ ನಾಲ್ಕು ವರ್ಷದಲ್ಲಿ ಹುಟ್ಟುತ್ತದೆ. ಆರುನೂರು ಕಿಲೋಮೀಟರ್ ಓಡಿಸುವವರಿಗೆ ಏಳು ವರ್ಷ ಹತ್ತಿರವಾಗುತ್ತದೆ. ದಿನಕ್ಕೆ ಹತ್ತು ಕಿಲೋಮೀಟರ್ ಕೂಡ ದಾಟದವರು ಹಣ ಉಳಿಸುವ ಆಸೆಗೆ ಇದನ್ನು ಕೊಳ್ಳಬಾರದು. ಇದನ್ನು ಅಂಗಡಿಯವರು ಹೇಳುವುದಿಲ್ಲ, ನಾವೇ ಕಾಗದ-ಪೆನ್ನು ಹಿಡಿಯಬೇಕು.

ಆ ಲೆಕ್ಕದಲ್ಲಿ ಕರ್ನಾಟಕದ್ದೇ ಆದ ಒಂದು ಸಾಲು ಸೇರಿಸಬೇಕು. ಮನೆಗಳಿಗೆ ಉಚಿತ ವಿದ್ಯುತ್ ಕೊಡಲು 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕು. ನಮ್ಮ ಮನೆಯ ಬಳಕೆ 95 ಯೂನಿಟ್, ಕಾರಿನದು ಸುಮಾರು 120. ಎರಡೂ ಸೇರಿದರೆ ಗೆರೆ ದಾಟುತ್ತದೆ. ಆಗಲೂ ಪೆಟ್ರೋಲಿಗಿಂತ ಅಗ್ಗವೇ. ಆದರೂ ಚಾರ್ಜಿಂಗಿಗೆಂದೇ ಬೇರೆ ಮೀಟರ್ ಪಡೆಯುವ ವಿಚಾರವನ್ನು ಬೆಸ್ಕಾಂ ಕಚೇರಿಯಲ್ಲಿ ಕಾರು ಬರುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಮಂಜೂರಾದ ಲೋಡ್, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ, ಎಷ್ಟಿದೆ ಎಂಬುದನ್ನೂ ಅಲ್ಲೇ ನೋಡಿಸಿ. ಹಳೆಯ ಮನೆಗಳಲ್ಲಿ ಅದು ಒಂದೆರಡು ಕಿಲೋವಾಟ್ ಇರುತ್ತದೆ, ಕಾರೊಂದೇ ಅಷ್ಟನ್ನು ಎಳೆಯುತ್ತದೆ.

ಇನ್ನು ಕಾರಿನ ಆಯ್ಕೆ. ಎಂಜಿ ಕಾಮೆಟ್ ನನ್ನ ಮನಸ್ಸಿಗೆ ಮೊದಲು ಹಿಡಿಸಿತು. ಮೂರು ಮೀಟರಿಗಿಂತ ಕಡಿಮೆ ಉದ್ದ, 17.3 ಕಿಲೋವಾಟ್-ಅವರ್ (ಅಂದರೆ ಅಷ್ಟೇ ಯೂನಿಟ್) ಬ್ಯಾಟರಿ, ಕಾಗದದ ಮೇಲೆ 230 ಕಿಲೋಮೀಟರ್ ವ್ಯಾಪ್ತಿ. ಕೋಲಾರದ ಎಂ.ಜಿ. ರಸ್ತೆಯ ಸಂಜೆಯ ಗದ್ದಲದಲ್ಲಿ ಅದನ್ನು ತಿರುಗಿಸುವುದು, ನಿಲ್ಲಿಸುವುದು ಎಷ್ಟು ಸುಲಭ ಎಂದು ಲಂಡನ್ನಿನ ಕಣ್ಣಿನಿಂದ ನೋಡಿದೆ. ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿದೆವು. ಬಾಗಿಲು ಎರಡೇ, ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ ನುಸುಳಬೇಕು. ಅಮ್ಮ ಒಂದು ಕಾಲು ಒಳಗಿಟ್ಟು, ಸೀರೆಯ ನೆರಿಗೆ ಹಿಡಿದು, ಮಂಡಿ ಮಡಚಲಾಗದೆ ಹಾಗೇ ನಿಂತರು. ‘ನೀವೇ ಕೂತುಕೊಳ್ಳಿ, ನಾನು ಆಟೋದಲ್ಲಿ ಬರುತ್ತೇನೆ’ ಎಂದರು. ಅಲ್ಲಿಗೆ ಮಾತು ಮುಗಿಯಿತು.

ಎರಡು ದೇಶಗಳ ನಡುವಿನ ವ್ಯತ್ಯಾಸ ನನಗೆ ಸ್ಪಷ್ಟವಾಗಿದ್ದು ಆಗ. ಲಂಡನ್ನಿನಲ್ಲಿ ರೈಲು ಇದೆ, ಬಸ್ಸು ಇದೆ. ಪುಟ್ಟ ಕಾರು ಒಬ್ಬರಿಗೋ ಇಬ್ಬರಿಗೋ ಸಾಕು. ಕೋಲಾರದ ಮನೆಯಲ್ಲಿ ಕಾರು ಒಂದೇ, ಅದು ಎಲ್ಲರದು. ಅದರಲ್ಲಿ ಅತ್ತೆ ಮಾವ ಕೂರಬೇಕು, 25 ಕಿಲೋ ಅಕ್ಕಿಮೂಟೆ ಹೋಗಬೇಕು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ಎರಡು ಕ್ರೇಟ್ ಹಣ್ಣು ಬರಬೇಕು. ಕಾಮೆಟ್ಟಿನ ಚಕ್ರ 12 ಇಂಚಿನದು. ಪೈಪಿಗಾಗಿ ಅಗೆದು ಅರ್ಧಂಬರ್ಧ ಮುಚ್ಚಿದ ರಸ್ತೆಗಳಲ್ಲಿ ಅಷ್ಟು ಸಣ್ಣ ಚಕ್ರವನ್ನು ದಿನಾ ಇಳಿಸಿ ಹತ್ತಿಸುವುದು ಬೇಡವೆನಿಸಿತು. ಒಬ್ಬರೇ ಕಚೇರಿಗೆ ಓಡಾಡುವವರಿಗೆ ಮಾತ್ರ ಅದನ್ನು ಧೈರ್ಯವಾಗಿ ಹೇಳುತ್ತೇನೆ. ಬ್ಯಾಟರಿಯನ್ನು ಬಾಡಿಗೆಗೆ ಪಡೆದು ಕಾರನ್ನು ಕಡಿಮೆ ಬೆಲೆಗೆ ಒಯ್ಯುವ ಯೋಜನೆಯೂ 2024ರಲ್ಲಿ ಬಂತು. ಆಗ ಆರಂಭದ ಬೆಲೆ 4.99 ಲಕ್ಷವಿತ್ತು, ಮೇಲೆ ಕಿಲೋಮೀಟರಿಗೆ ಎರಡೂವರೆ ರೂಪಾಯಿ ಬ್ಯಾಟರಿ ಬಾಡಿಗೆ. ವಿದ್ಯುತ್ ಸೇರಿಸಿದರೆ ಮೂರು ರೂಪಾಯಿ ದಾಟುತ್ತಿತ್ತು. ಹೆಚ್ಚು ಓಡಿಸುವವರು ಬಾಡಿಗೆಗೆ ಕೈಹಾಕಬಾರದು ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರ್ ಎಂಬ ಷರತ್ತು ಇದೆಯೇ ಎಂದು ಕೇಳಿ ಬರೆಸಿಕೊಳ್ಳಿ.

ಟಾಟಾ ಪಂಚ್ ಇವಿ ಗಟ್ಟಿ, ಎತ್ತರ, 2024ರ ಭಾರತ್ ಎನ್‌ಕ್ಯಾಪ್ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಐದು ತಾರೆ ಪಡೆದದ್ದು. ಅದರ ದೊಡ್ಡ ಬ್ಯಾಟರಿಯ ಮಾದರಿಗೆ ನಮ್ಮ ಅಂದಾಜಿಗಿಂತ ಎರಡೂವರೆ ಲಕ್ಷದಷ್ಟು ಹೆಚ್ಚು ಬೇಕಿತ್ತು. ಕೊನೆಗೆ 24 ಕಿಲೋವಾಟ್-ಅವರ್ ಬ್ಯಾಟರಿಯ ಟಿಯಾಗೊ ಇವಿ ತೆಗೆದುಕೊಂಡೆವು. ನಾಲ್ಕು ಬಾಗಿಲು, ಅಮ್ಮ ಸಲೀಸಾಗಿ ಹತ್ತಿ ಇಳಿಯುವ ಎತ್ತರ. ದಿನದ ನಲವತ್ತು ಕಿಲೋಮೀಟರಿಗೆ ಬೇಕಾದದ್ದು ಐದು ಯೂನಿಟ್ಟಿನ ಹತ್ತಿರ. ರಾತ್ರಿ ಎರಡು ಮೂರು ಗಂಟೆ ಕರೆಂಟು ಹೋದರೂ ಬೆಳಗಾಗುವುದರೊಳಗೆ ಅಷ್ಟು ತುಂಬುತ್ತದೆ.

ಕಾರು ಮನೆಗೆ ಬಂದ ರಾತ್ರಿ ಪೋರ್ಟಿಕೊದ ಸಾಕೆಟ್ಟಿಗೆ ಚಾರ್ಜರ್ ಹಾಕಿದೆವು. ಅದರ ಡಬ್ಬಿಯ ಮೇಲೆ ಕೆಂಪು ದೀಪ. ತೆಗೆದು ಹಾಕಿದರೂ ಕೆಂಪೇ. ಮಾರಿದ ಮಳಿಗೆಗೆ ಫೋನ್ ಮಾಡಿದರೆ ‘ನಿಮ್ಮ ಮನೆಯ ಅರ್ತಿಂಗ್ ಸರಿಯಿಲ್ಲ ಸಾರ್’ ಎಂದು ಇಟ್ಟುಬಿಟ್ಟರು. ಹತ್ತು ಲಕ್ಷದ ಸಾಮಾನು ಮಾರುವ ಮೊದಲು ಒಬ್ಬರನ್ನು ಕಳಿಸಿ ಮನೆ ನೋಡಿಸಬೇಕಿತ್ತಲ್ಲವೇ ಎಂಬ ಸಿಟ್ಟು ನನಗೆ ಇಂದಿಗೂ ಇದೆ. ಮಾರನೆಯ ಬೆಳಿಗ್ಗೆ ಬೀದಿಯ ಕೊನೆಯ ವೈರಿಂಗ್ ಕೆಲಸದವರು ಮೀಟರ್ ತಂದು ಹಿಡಿದರು. ಫೇಸಿಗೂ ನ್ಯೂಟ್ರಲ್ಲಿಗೂ 228 ವೋಲ್ಟ್, ಸರಿ. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಸೊನ್ನೆಯ ಹತ್ತಿರ ಇರಬೇಕಾದದ್ದು 38. ಅವರು ಏನೂ ಹೇಳದೆ ಹಿತ್ತಲಿಗೆ ಹೋಗಿ ನುಗ್ಗೆಮರದ ಬುಡದಲ್ಲಿದ್ದ ಕಲ್ಲುಚಪ್ಪಡಿ ಎತ್ತಿದರು. ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸಲು ಮನೆ ಕಟ್ಟಿದ 1994ರಲ್ಲಿ ತೋಡಿದ ಅರ್ತ್ ಗುಂಡಿ. ತೇವವಿರಬೇಕಾದ ಮಣ್ಣು ಇಟ್ಟಿಗೆಯಂತೆ ಬಿಗಿದಿತ್ತು, ಪೈಪಿಗೆ ಬಿಗಿದ ತಂತಿ ತುಕ್ಕು ಹಿಡಿದು ಬೆರಳು ತಾಗಿಸಿದರೆ ಉದುರುವಂತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಜಿಲ್ಲೆಯ ಎಷ್ಟೋ ಕೆರೆಗಳು ತುಂಬಿವೆ, ನಮ್ಮ ಹಿತ್ತಲಿನ ಆ ಎಂಟಡಿ ನೆಲಕ್ಕೆ ಹನಿ ನೀರು ಬಿದ್ದಿರಲಿಲ್ಲ.

‘ಎರಡು ಕೊಡ ನೀರು ತನ್ನಿ ತಾಯಿ’ ಎಂದರು ತಂಗಿಗೆ. ನೀರು ಸುರಿದು ಕಾಲು ಗಂಟೆ ಬಿಟ್ಟು ನೋಡಿದರೆ 38 ಇದ್ದದ್ದು 11ಕ್ಕೆ ಇಳಿದಿತ್ತು. ಅದು ತಾತ್ಕಾಲಿಕ ಎಂದು ಅವರೇ ಹೇಳಿ ಎರಡು ದಿನದಲ್ಲಿ ಹೊಸ ಗುಂಡಿ ತೋಡಿಸಿ, ಇದ್ದಿಲು-ಉಪ್ಪನ್ನು ಪದರ ಪದರವಾಗಿ ತುಂಬಿ, ಮೀಟರ್ ಬೋರ್ಡಿನಿಂದ ನೇರವಾಗಿ ದಪ್ಪ ತಾಮ್ರದ ತಂತಿ ಎಳೆದು, ಕಾರಿನ ಸಾಕೆಟ್ಟಿಗೆಂದೇ ಒಂದು ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿದರು. ಆ ಸಂಜೆ ದೀಪ ಹಸಿರಾಯಿತು. ಕಾರು ಬೇಡದವರೂ ಈ ಕೆಲಸ ಮಾಡಿಸಬೇಕು. ಅಷ್ಟು ವರ್ಷ ನಮ್ಮ ಗೀಸರ್, ಮೋಟಾರ್ ಎಲ್ಲವೂ ಸತ್ತ ಅರ್ತಿನ ಮೇಲೆ ಓಡುತ್ತಿದ್ದವು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬ್ಯಾಟರಿಯ ಬಗ್ಗೆ ಒಂದು ಮಾತು. ನಾನು ಓಡಿಸುವುದು ಹಳೆಯ ನಿಸ್ಸಾನ್ ಲೀಫ್, ಕೈಬದಲಾದದ್ದು. ಅದರ ಬ್ಯಾಟರಿಯ ಆರೋಗ್ಯ ತೋರಿಸುವ ಹನ್ನೆರಡು ಗೆರೆಗಳಲ್ಲಿ ಈಗ ಒಂಬತ್ತು ಉಳಿದಿವೆ. ಬ್ಯಾಟರಿ ಬೇಗ ಸವೆಯದಿರಲೆಂದು ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಅಭ್ಯಾಸ ನನ್ನದು, ತಂಗಿಗೂ ಅದನ್ನೇ ಹೇಳಿಕೊಟ್ಟಿದ್ದೆ. ಆದರೆ ಟಿಯಾಗೊ, ಕಾಮೆಟ್ ಎರಡರಲ್ಲೂ ಇರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬಿಸಿಲನ್ನೂ ಪೂರ್ತಿ ಚಾರ್ಜನ್ನೂ ಅದು ಚೆನ್ನಾಗಿ ತಡೆಯುತ್ತದೆ, ಆಗಾಗ ನೂರಕ್ಕೆ ತುಂಬಿಸಿದರೆ ಉಳಿದ ಚಾರ್ಜಿನ ಲೆಕ್ಕವೂ ಸರಿಯಾಗಿ ತೋರುತ್ತದೆ. ಲಂಡನ್ನಿನ ಚಳಿಯಲ್ಲಿ ನನ್ನ ಕಾರಿನ ವ್ಯಾಪ್ತಿ ಜನವರಿಯಲ್ಲಿ ಕಾಲುಭಾಗ ಕರಗುತ್ತದೆ, 800 ಮೀಟರ್ ಎತ್ತರದ ಕೋಲಾರದ ಹವೆ ಬ್ಯಾಟರಿಗೆ ವರ್ಷವಿಡೀ ಹಿತ. ಅಂಗಡಿಯಲ್ಲಿ ಕೇಳಬೇಕಾದ ಮಾತು ಇನ್ನೆರಡಿವೆ. ಸ್ಟೆಪ್ನಿ ಕೊಡುತ್ತೀರಾ, ಬ್ಯಾಟರಿ ಬಿಚ್ಚಲು ತರಬೇತಿ ಪಡೆದ ಮೆಕ್ಯಾನಿಕ್ ಕೋಲಾರದಲ್ಲೇ ಇದ್ದಾರಾ, ಇಲ್ಲ ಕಾರನ್ನು ಲಾರಿಯ ಮೇಲೆ ಹೊಸಕೋಟೆಗೋ ಬೆಂಗಳೂರಿಗೋ ಸಾಗಿಸಬೇಕಾ.

ತಿರುಪತಿಗೆ ಮನೆಯವರೆಲ್ಲ ನವೆಂಬರಿನಲ್ಲಿ ಹೋಗಿಬಂದರು, ಎಂಟು ಸಾವಿರಕ್ಕೆ ಟ್ಯಾಕ್ಸಿ ಮಾಡಿಕೊಂಡು. ದೊಡ್ಡ ಬ್ಯಾಟರಿಗೆ ಕೊಡದೆ ಉಳಿಸಿದ ಎರಡೂವರೆ ಲಕ್ಷದಲ್ಲಿ ಅಂಥ ಮೂವತ್ತು ಯಾತ್ರೆಗಳಾಗುತ್ತವೆ. ಅಪ್ಪ ಘಾಟಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರಂತೆ. ಕಳೆದ ಭಾನುವಾರ ವಿಡಿಯೊ ಕರೆ ಮಾಡಿದಾಗ ಅಮ್ಮ ಹಿತ್ತಲಿನಲ್ಲಿದ್ದರು, ಫೋನನ್ನು ತಂಗಿಯ ಕೈಗೆ ಕೊಟ್ಟು ಗುಂಡಿಗೆ ಕೊಡದಿಂದ ನೀರು ಬಿಡುತ್ತಿದ್ದರು. ‘ಏಪ್ರಿಲ್ ಬಂತಲ್ಲಪ್ಪ, ಮಣ್ಣು ಒಣಗುತ್ತದೆ’ ಎಂದರು.